ವಿದೇಶಿ ಅತಿಥಿಗೆ ಮೊದಲ ಸೀರೆ ಉಡಿಸಿದವರು ಯಾರಾದರೂ ಇದ್ದೀರಾ?

ಮುಂದಿನ ತಿಂಗಳು ತೀರ್ಥಹಳ್ಳಿ ಹತ್ತಿರ ನಮ್ಮನೆಯಲ್ಲಿ ಅಣ್ಣನ ಮದುವೆ. ಅವನ ಜೊತೆ ಕೆಲಸ ಮಾಡೋ ಜರ್ಮನಿಯವಳು ಗಂಡನ ಜೊತೆ ಬರ್ತಿದ್ದಾಳೆ. ಅವಳಿಗೆ ಸೀರೆ, ಅವನಿಗೆ ಪಂಚೆಯೇ ಆಗಬೇಕಂತೆ. ಏನೇನು ನೋಡಿಕೊಳ್ಳಬೇಕು, ನಿಮ್ಮ ಅನುಭವ ಹೇಳಿ.

— ನಾವು ಉಡಿಸಿ ಪಾಡುಪಟ್ಟವರು. ಸಾಗರದ ನಮ್ಮ ಮನೆ ಒಕ್ಕಲಿಗೆ ಡಚ್ ಗೆಳತಿ ಬಂದಿದ್ದಳು, ಆರಡಿಗೆ ಒಂದಂಗುಲ ಕಮ್ಮಿ. ಸೀರೆ ಉದ್ದ ಐದೂವರೆ ಮೀಟರ್, ಅದು ಸಾಕಾಯ್ತು. ಎಡವಟ್ಟಾಗಿದ್ದು ಅಗಲದಲ್ಲಿ. ಅಗಲ ಇರೋದೇ ಸುಮಾರು 45 ಇಂಚು. ನಮ್ಮ ರೂಢಿಯಂತೆ ನಾಲ್ಕು ಬೆರಳು ಒಳಗೆ ಸಿಕ್ಕಿಸಿದರೆ ಅಂಚು ಹಿಮ್ಮಡಿಗಿಂತ ಎಷ್ಟೋ ಮೇಲೆ ನಿಂತಿತು. ಬಿಚ್ಚಿ, ಲಂಗ ಕೆಳಗೆ ಕಟ್ಟಿಸಿ, ಒಂದೇ ಬೆರಳು ಸಿಕ್ಕಿಸಿ ಮತ್ತೆ ಉಡಿಸಿದೆವು. ನನ್ನ ಲಂಗವಂತೂ ಅವಳ ಮೀನಖಂಡಕ್ಕೇ ಮುಗಿದಿತ್ತು. ಉದ್ದದ್ದು ಮೊದಲೇ ಹೊಲಿಸಿಡಿ.

ಅಮ್ಮ ಪ್ರೀತಿಗೆ ಮೈಸೂರು ಸಿಲ್ಕ್ ಕೊಟ್ಟಿದ್ದರು. ನುಣುಪು, ಜಾರುತ್ತೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತು ಉಂಡು ಏಳುವಾಗ ನೆರಿಗೆಯನ್ನೇ ತುಳಿದಳು, ಪೂರ್ತಿ ಕೈಗೆ ಬಂತು! ಚಿಕ್ಕಮ್ಮಂದಿರು ಅಡ್ಡ ನಿಂತು ಒಳಗೆ ಕರ್ಕೊಂಡು ಹೋದರು. ಅವಳು ನಗ್ತಾನೇ ಇದ್ದಳು, ಮುಖ ಕೆಂಪಾಗಿದ್ದು ನಮ್ಮಮ್ಮನದ್ದು. ಹಾಗಾಗಿ ಹಿಂದಿನ ದಿನವೇ ಹತ್ತಿ ಸೀರೆ ಉಡಿಸಿ ಮೆಟ್ಟಿಲು ಹತ್ತಿಸಿ, ನೆಲಕ್ಕೆ ಕೂರಿಸಿ, ಏಳಿಸಿ. ಸೀರೆ ಎತ್ತಿಕೊಂಡು ಬಚ್ಚಲಿಗೆ ಹೋಗೋದನ್ನೂ ಹೇಳಿಕೊಡಿ. ಪಾಪ, ಅದೊಂದಕ್ಕೆ ಹೆದರಿ ಅವಳು ಮಧ್ಯಾಹ್ನದವರೆಗೆ ನೀರೇ ಕುಡಿದಿರಲಿಲ್ಲ.

— ಹತ್ತಿ ಅಂದ್ರೆ ಹೆಗ್ಗೋಡಿನ ‘ಚರಕ’ ಅನ್ನೋ ಮಹಿಳಾ ಸಹಕಾರ ಸಂಘದ ಕೈಮಗ್ಗದ್ದು ನೋಡಿ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಅಲ್ಲಿ ಬಣ್ಣ ಹಾಕ್ತಾರೆ. ತೋಟ ತೋರಿಸಿ ಆಮೇಲೆ ಆ ಸೀರೆ ಕೊಟ್ಟರೆ ವಿವರಿಸೋದೇ ಬೇಡ. ರವಿಕೆ ಅಳತೆ ಮಾತ್ರ ಈಗಲೇ ತರಿಸಿಕೊಳ್ಳಿ, ಮದುವೆ ಕಾಲದಲ್ಲಿ ಟೈಲರ್ ಕೈಗೆ ಸಿಗಲ್ಲ.

— ಪಂಚೆಗೆ ವೆಲ್ಕ್ರೋದ್ದು ತಗೊಳ್ಳಿ, ಮರ್ಯಾದೆ ಉಳಿಯುತ್ತೆ. ಒಳಗೆ ಚಡ್ಡಿ, ಮೇಲೊಂದು ಬೆಲ್ಟ್. ಎತ್ತಿ ಕಟ್ಟೋದು ಕಲಿತ ಕೂಡಲೇ ನಮ್ಮ ಅತಿಥಿ ಪುರೋಹಿತರ ಮುಂದೂ ಹಾಗೇ ನಿಂತಿದ್ದ. ಹಿರಿಯರ ಎದುರು ಇಳಿಸಬೇಕು ಅಂತ ನಾವು ಹೇಳಿರಲಿಲ್ಲ. ಮಳೆ ಹಿಡಿದಿದ್ದರೆ ತೋಟಕ್ಕೆ ಪಂಚೆಯಲ್ಲಿ ಕರ್ಕೊಂಡು ಹೋಗಬೇಡಿ. ಉಂಬಳ, ಅಂದ್ರೆ ಜಿಗಣೆ, ಕಾಟ.

— ಕಾಲುಂಗುರ ಗಮನಿಸಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನ ಗೆಳತಿ ಚೆಂದ ಅಂತ ತಗೊಂಡು ಹಾಕಿಕೊಂಡಳು, ಮದುವೆ ಆಗಿರಲಿಲ್ಲ. ಇಡೀ ದಿನ ಅಜ್ಜಿಯರಿಗೆಲ್ಲ ಒಂದೇ ಪ್ರಶ್ನೆ: ಗಂಡ ಎಲ್ಲಿ?

— ಸೀರೆ ಜಾರದಿರೋಕೆ ಪಿನ್ನು ಗಿನ್ನು ಯಾಕೆ? ನಮ್ಮಜ್ಜಿ ಮಲೆನಾಡಿನ ಹಳೇ ಕ್ರಮದಲ್ಲಿ ಗೊಬ್ಬೆ ಸೀರೆ ಉಟ್ಟು ಗದ್ದೆ ನೆಟ್ಟಿ ಮಾಡ್ತಿದ್ದಳು. ಭುಜದ ಹತ್ರ ಗಂಟು, ಜಾರೋ ಮಾತೇ ಇಲ್ಲ. ಉಡಿಸಲು ಬರೋ ಹಿರಿಯರು ನಿಮ್ಮ ಕಡೆ ಇದ್ದರೆ ಕೇಳಿ ನೋಡಿ.

ಎಲ್ಲರಿಗೂ ಥ್ಯಾಂಕ್ಸ್. ಸೊಂಟದಿಂದ ನೆಲಕ್ಕೆ 43 ಇಂಚಂತೆ, ಲಂಗ ಹೊಲಿಯಲು ಕೊಟ್ಟೆ. ಗೊಬ್ಬೆ ಸೀರೆ ಅಂದಿದ್ದೇ ತಡ, ನಮ್ಮ ದೊಡ್ಡಮ್ಮ ನಾನೇ ಉಡಿಸ್ತೀನಿ ಅಂತ ಕೂತಿದ್ದಾರೆ.