ಡಬಲ್ಸ್‌ನಲ್ಲಿ ಶಾರ್ಟ್ ಸರ್ವ್ ಮೇಲೆದ್ದು ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೋಚ್ ಸರ್, ನಮಸ್ಕಾರ. ನನಗೆ 42 ವರ್ಷ. ಆರು ತಿಂಗಳಿಂದ ಬೆಳಿಗ್ಗೆ ಶಟಲ್ ಆಡುತ್ತಿದ್ದೇನೆ. ನೆಟ್ ದಾಟಿ ಹತ್ತಿರವೇ ಬೀಳಬೇಕಾದ ಶಾರ್ಟ್ ಸರ್ವ್ ಅನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ (ಕೈಯ ಹಿಂಬದಿ ಮುಂದಿಟ್ಟು) ಮಾಡುತ್ತೇನೆ. ಅದು ಒಂದೋ ನೆಟ್‌ಗೆ ಬೀಳುತ್ತದೆ, ಇಲ್ಲಾಂದ್ರೆ ಮೇಲೆದ್ದು ಹೋಗುತ್ತದೆ. ಎದುರಿನವರು ಅಲ್ಲೇ ಹೊಡೆದು ಮುಗಿಸುತ್ತಾರೆ. ಜೊತೆ ಆಡುವವರ ಮುಂದೆ ಸಂಕೋಚವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಸಂಕೋಚ ಬೇಡ ಸರ್, ಇದು ಸರಿಹೋಗುವ ತಪ್ಪು. ಮೊದಲು ನಿಮ್ಮ ಎಡಗೈ ನೋಡಿಕೊಳ್ಳಿ. ಶಟಲ್ ಅನ್ನು ಚಿಮ್ಮಿಸಿ ಹೊಡೆಯುತ್ತಿದ್ದೀರಾ? ಹಾಗಾದರೆ ಅದು ಪ್ರತಿ ಸಲ ಬೇರೆ ಬೇರೆ ಎತ್ತರದಲ್ಲಿ ಸಿಗುತ್ತದೆ. ಗರಿಯ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಕಾರ್ಕ್, ಅಂದರೆ ಶಟಲ್‌ನ ಗುಂಡನೆಯ ತುದಿ, ರಾಕೆಟ್ ಕಡೆಗಿರಲಿ. ರಾಕೆಟ್ ಬರುವಾಗ ಬೆರಳು ಬಿಟ್ಟರೆ ಸಾಕು.

ಬಲಗೈ ಹೆಬ್ಬೆರಳನ್ನು ರಾಕೆಟ್ ಹಿಡಿಯ ಅಗಲ ಭಾಗಕ್ಕೆ ಒತ್ತಿಡಿ. ಮೇಜಿನ ಮೇಲೆ ತುಂಬಿದ ಲೋಟವನ್ನು ಚೆಲ್ಲದಂತೆ ಮುಂದಕ್ಕೆ ತಳ್ಳುತ್ತೇವಲ್ಲ, ಹಾಗೆ ತಳ್ಳಿ. ಹೊಡೆಯಬೇಡಿ. ಮಣಿಕಟ್ಟು ಜಾಡಿಸಿದರೆ ಶಟಲ್ ಏಳುತ್ತದೆ.

ಇನ್ನೊಂದು ಮಾತು. ನೆಟ್ ನಡುವಿನ ಎತ್ತರ 1.524 ಮೀಟರ್. ಸರ್ವ್ ಮಾಡುವಾಗ ಇಡೀ ಶಟಲ್ 1.15 ಮೀಟರ್‌ಗಿಂತ ಕೆಳಗಿರಬೇಕು. ಅಂದರೆ 37 ಸೆಂಟಿಮೀಟರ್‌ಗಿಂತ ಜಾಸ್ತಿ ಅದು ಏರಲೇಬೇಕು. ಆ ಏರಿಕೆ ನಿಮ್ಮ ಕಡೆಯೇ ಮುಗಿಯಲಿ. ನೆಟ್ ದಾಟುವಾಗ ಶಟಲ್ ಇಳಿಯುತ್ತಿದ್ದರೆ ಎದುರಿನವರಿಗೆ ಮೇಲಿಂದ ಜೋರಾಗಿ ಹೊಡೆಯುವುದು (ಸ್ಮ್ಯಾಶ್) ಕಷ್ಟ. ಸರ್ವ್ ಮಾಡುವ ಜಾಗದಲ್ಲಿ ನೆಟ್ ಕಡೆಗಿರುವ ಮುಂದಿನ ಗೆರೆಯ ಹತ್ತಿರ ನಿಲ್ಲಿ, ಗೆರೆ ತುಳಿಯದೆ.

ಇನ್ನೊಬ್ಬರು: ಸರ್, ನಮ್ಮಲ್ಲಿ ಸೊಂಟದ ಕೆಳಗೆ ಅಂತಾರೆ. ನೀವು 1.15 ಅಂತೀರಿ. ಯಾವುದು ಸರಿ?

ಉತ್ತರ: ಸೊಂಟದ್ದು ಹಳೆಯ ಲೆಕ್ಕ ಮೇಡಂ. ಸೊಂಟ ಅಂದರೆ ಪಕ್ಕೆಲುಬಿನ ಕೆಳತುದಿಯ ಮಟ್ಟ. ಎತ್ತರದವರಿಗೆ ಅದು ಅನುಕೂಲ, ಗಿಡ್ಡ ಇದ್ದವರಿಗೆ ಅನ್ಯಾಯ ಅಲ್ವಾ? 2018ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎಲ್ಲರಿಗೂ ಒಂದೇ ಎತ್ತರ, 1.15 ಮೀಟರ್. ಅಳೆಯುವ ಸಾಧನ ಇಲ್ಲದ ಕಡೆ ಇನ್ನೂ ಸೊಂಟದ ಲೆಕ್ಕವೇ ನಡೆಯುತ್ತದೆ. ಗೋಡೆ ಮೇಲೆ ಟೇಪ್ ಅಂಟಿಸಿ ಪಕ್ಕದಲ್ಲಿ ನಿಂತು ನೋಡಿ, ನಿಮ್ಮ ಮೈಗೆ ಅದು ಎಲ್ಲಿ ಬರುತ್ತದೆಂದು ಗೊತ್ತಾಗುತ್ತದೆ. ಹಾಗೇ, ಸರ್ವ್ ಮುಗಿಯುವವರೆಗೆ ಎರಡೂ ಪಾದ ನೆಲದಲ್ಲೇ ಇರಬೇಕು, ಜಾರಬಾರದು. ರಾಕೆಟ್ ಮೊದಲು ಕಾರ್ಕ್‌ಗೇ ತಾಗಬೇಕು.

ಪ್ರಶ್ನೆ ಕೇಳಿದವರು: ಸರ್, ಇವತ್ತು ಚಿಮ್ಮಿಸುವುದನ್ನು ಬಿಟ್ಟೆ. ನೆಟ್‌ಗೆ ಬೀಳುವುದು ಕಡಿಮೆಯಾಯಿತು. ಆದರೆ ಆಟದ ಮಧ್ಯೆ ಕೈ ನಡುಗುತ್ತದೆ.

ಉತ್ತರ: ನಡುಗಿದಾಗ ಹಿಡಿ ಬಿಗಿಯಾಗುತ್ತದೆ. ಉಸಿರು ಬಿಟ್ಟು, ಬೆರಳು ಸಡಿಲಿಸಿ, ಆಮೇಲೆ ಶುರು ಮಾಡಿ. ನಾಳೆ ಹತ್ತು ನಿಮಿಷ ಬೇಗ ಬನ್ನಿ. ನೆಟ್‌ನಿಂದ ಒಂದು ಗೇಣು ಮೇಲೆ ದಾರ ಕಟ್ಟಿ. ಹಳೇ ಶಟಲ್ ಇಪ್ಪತ್ತು ತೆಗೆದುಕೊಂಡು ಆ ಸಂದಿಯಲ್ಲಿ ತೂರಿಸಿ. ಎಷ್ಟು ಹೋದವು ಅಂತ ಇಲ್ಲೇ ಬರೆಯಿರಿ.