ಎಕ್ಸೈಟರ್ ಹಾಕಿದ ಚಪ್ಪಟೆ ಸ್ಪೀಕರ್: ಬೇಸ್ ಇಲ್ಲ, ಈಗ ಗರಗರ ಸದ್ದು ಬೇರೆ

ಸೋಲ್ಡರ್‌ಕಡ್ಡಿ:
ಎಲ್ಲರಿಗೂ ನಮಸ್ಕಾರ. ಎನ್‌ಎಕ್ಸ್‌ಟಿ ಅನ್ನುವ ಬ್ರಿಟಿಷ್ ಕಂಪನಿಯ ಮಾದರಿಯಲ್ಲಿ, ಕೋನ್ ಬದಲು ಹಲಗೆಯೇ ಹಾಡುವ ಚಪ್ಪಟೆ ಸ್ಪೀಕರ್ ಮಾಡಿದ್ದೇನೆ. 60 ಸೆಂ.ಮೀ. ಚೌಕದ ಎಕ್ಸ್‌ಪಿಎಸ್ (ಗಟ್ಟಿ ಥರ್ಮೋಕೋಲ್‌ನಂಥ ಹಗುರ ಫೋಮ್) ಶೀಟು, 2 ಸೆಂ.ಮೀ. ದಪ್ಪ. ಸರಿಯಾಗಿ ನಡುಮಧ್ಯೆ 4 ಓಮ್‌ನ ಒಂದು ಎಕ್ಸೈಟರ್ (ಶೀಟನ್ನು ಅಲುಗಿಸಿ ದನಿ ಹೊರಡಿಸುವ ಪುಟ್ಟ ಸಾಧನ) ಅಂಟಿಸಿ, ಗೋಡೆಗೆ ಒರಗಿಸಿಟ್ಟಿದ್ದೇನೆ.

ಮೊದಲ ದಿನ ಕೊಳಲು ಕೇಳಿ ಮೈ ಜುಮ್ಮೆಂದಿತು. ಕೋಣೆಯ ಯಾವ ಮೂಲೆಯಲ್ಲಿ ಕೂತರೂ ಅದೇ ದನಿ! ಆದರೆ ಮೃದಂಗದ ಎಡಗಡೆಯ ಗುಂಕಾರ ಕೇಳಿಸುವುದೇ ಇಲ್ಲ. ಕೆಲವು ಸ್ವರ ಬೊಬ್ಬೆ ಹಾಕುತ್ತವೆ, ಕೆಲವು ಮುಳುಗಿಹೋಗುತ್ತವೆ. ಎರಡು ವಾರದಿಂದ ದೊಡ್ಡ ದನಿಗೆ ಗರಗರ ಅನ್ನುತ್ತಿದೆ. ಈ ತಂತ್ರಜ್ಞಾನದ ಸುದ್ದಿಯೇ ಈಗ ಇಲ್ಲವಲ್ಲ, ಇದರಲ್ಲೇ ದೋಷ ಇತ್ತಾ? ಬಿಟ್ಟುಬಿಡಲಾ?

ತಂತಿಮನೆ:
ಬಿಡಬೇಡಿ. ಮೊದಲು ಗರಗರ ನೋಡೋಣ. ಹಾಡು ಹಾಕಿ, ಹಿಂದಿನಿಂದ ಎಕ್ಸೈಟರ್ ಅನ್ನು ಬೆರಳಲ್ಲಿ ಮೆಲ್ಲಗೆ ಮೇಲಕ್ಕೆತ್ತಿ ಹಿಡಿಯಿರಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಮ್ಯಾಗ್ನೆಟ್ ಭಾರಕ್ಕೆ ಎಕ್ಸೈಟರ್ ಜೋತುಬಿದ್ದು, ಒಳಗೆ ವಾಯ್ಸ್ ಕಾಯಿಲ್ (ಅಲುಗುವ ತಂತಿಸುರುಳಿ) ಉಜ್ಜುತ್ತಿರುತ್ತದೆ. ಹಿಂದೆ ಒಂದು ಮರದ ಪಟ್ಟಿ ನಿಲ್ಲಿಸಿ, ಎಕ್ಸೈಟರ್‌ನ ಬೆನ್ನನ್ನು ಅದಕ್ಕೆ ಅಂಟಿಸಿ. ಭಾರ ಪಟ್ಟಿಗೆ ಹೋಗಬೇಕು, ಶೀಟಿಗಲ್ಲ. ತಂತಿಯೂ ಶೀಟಿಗೆ ತಾಗದಂತೆ ನೋಡಿಕೊಳ್ಳಿ.

ವಾಲ್ವ್‌ರಾಯ:
ತಂತಿಮನೆಯವರು ಹೇಳಿದ್ದು ಸರಿ. ಉಳಿದ ಎರಡು ತೊಂದರೆಗೆ ಈ ಹಲಗೆ ಹೇಗೆ ಹಾಡುತ್ತದೆ ಅಂತ ತಿಳಿಯಬೇಕು.

ಮಾಮೂಲಿ ಸ್ಪೀಕರಿನ ಕೋನ್ ಇಡಿಯಾಗಿ ಹಿಂದೆ ಮುಂದೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಶೀಟು ಬಾಗುತ್ತದೆ, ಅದರ ಮೈಮೇಲೆಲ್ಲ ಅಲೆ ಓಡುತ್ತದೆ. ಒಂದೊಂದು ಜಾಗ ಒಂದೊಂದು ರೀತಿ ಅಲುಗುತ್ತದೆ. ಕೋಣೆ ತುಂಬ ಒಂದೇ ಸಮ ಕೇಳಿಸುವುದು ಅದಕ್ಕೇ. ಶೀಟು ಕೆಲವು ನಿರ್ದಿಷ್ಟ ಸ್ವರಗಳಿಗೆ ತಾನಾಗಿ ಜೋರಾಗಿ ಅಲುಗುತ್ತದೆ, ಅದೇ ಅನುರಣನ. ಇಂಥ ಅನುರಣನಗಳು ಎಷ್ಟು ಜಾಸ್ತಿ ಇದ್ದು, ಎಷ್ಟು ಚೆನ್ನಾಗಿ ಹರಡಿಕೊಂಡಿರುತ್ತವೋ ದನಿ ಅಷ್ಟು ಸಹಜ. ನಿಮ್ಮ ಶೀಟು ಚೌಕ. ಉದ್ದದ ಅನುರಣನವೂ ಅಗಲದ ಅನುರಣನವೂ ಒಂದೇ ಸ್ವರದ ಮೇಲೆ ಬಿದ್ದು, ಆ ಸ್ವರ ಬೊಬ್ಬೆ ಹಾಕುತ್ತದೆ. ಇನ್ನು ಕೆಲವು ಅನುರಣನಗಳಿಗೆ ನಡುಮಧ್ಯ ಅಲುಗಾಟವೇ ಇರುವುದಿಲ್ಲ. ಅಲ್ಲಿ ಎಕ್ಸೈಟರ್ ಇಟ್ಟರೆ ಅವು ಏಳುವುದೇ ಇಲ್ಲ.

ಎನ್‌ಎಕ್ಸ್‌ಟಿಯವರ ಪೇಟೆಂಟಿನಲ್ಲೇ ಇದಕ್ಕೆ ಅಳತೆ ಇದೆ. ಉದ್ದ ಅಗಲದ ಲೆಕ್ಕ 1.134ಕ್ಕೆ 1. ಎಕ್ಸೈಟರ್ ಜಾಗ ಒಂದು ಬದಿಯ 4/9, ಇನ್ನೊಂದು ಬದಿಯ 3/7. ನಿಮ್ಮ ಶೀಟನ್ನು 60×53ಕ್ಕೆ ಕತ್ತರಿಸಿ. ಒಂದು ಮೂಲೆಯಿಂದ 60ರ ಕಡೆ 26.7, 53ರ ಕಡೆ 22.7 ಸೆಂ.ಮೀ. ಅಳೆದು ಗುರುತು ಹಾಕಿ. ಎಕ್ಸೈಟರ್ ಅಲ್ಲಿಗೆ.

ದೋಷ ಇತ್ತಾ ಅಂತ ಕೇಳಿದಿರಿ. ನನಗೆ ಈ ಕತೆ ಬಹಳ ನೋವಿನದು. ಬ್ರಿಟನ್ನಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕೆನ್ ಹೆರಾನ್ ಅಂತ ಒಬ್ಬರು ಹೆಲಿಕಾಪ್ಟರ್ ಒಳಗಿನ ಸದ್ದು ತಗ್ಗಿಸಲು ಹಗುರವಾದ ಗಡಸು ಹಲಗೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಹಲಗೆ ಸದ್ದು ತಡೆಯುವ ಬದಲು ಚೆನ್ನಾಗಿ ಹೊರಡಿಸಿತು! ಮಿಷನ್, ವಾರ್ಫ್‌ಡೇಲ್, ಕ್ವಾಡ್ ಬ್ರಾಂಡ್‌ಗಳ ಒಡೆತನ ಹೊಂದಿದ್ದ ವೆರಿಟಿ ಗುಂಪು ಅದರ ಹಕ್ಕು ಪಡೆದು, 1996ರಲ್ಲಿ ಎನ್‌ಎಕ್ಸ್‌ಟಿ ಹೆಸರಲ್ಲಿ ಹೊರತಂದಿತು. ಆಮೇಲೆ ಲೈಸೆನ್ಸ್ ಕೊಡುವುದೇ ಕಸುಬಾಯಿತು. ಎನ್‌ಇಸಿ, ಟಿಡಿಕೆ ಎಲ್ಲ ತಗೊಂಡರು. ಪೆಟ್ಟಿಗೆ ಸ್ಪೀಕರಿನ ಕಾಲ ಮುಗಿಯಿತು ಅನ್ನುವಷ್ಟು ನಿರೀಕ್ಷೆ ಇತ್ತು. ಆದರೆ ತುಂಬ ಜನರ ಕಿವಿಗೆ ಇದು ತಲುಪಿದ್ದು ಕಂಪ್ಯೂಟರ್ ಪಕ್ಕದ ಪುಟ್ಟ ಹಲಗೆಯಾಗಿ. ಹಲಗೆ ಚಿಕ್ಕದಾದಷ್ಟೂ ಕೆಳಸ್ವರ ಕಡಿಮೆ. ಅದನ್ನು ಕೇಳಿದವರು ಇಡೀ ತಂತ್ರವೇ ಇಷ್ಟು ಅಂದುಕೊಂಡರು ಅನ್ನುವುದು ನನ್ನ ಅಭಿಪ್ರಾಯ. 2010ರಲ್ಲಿ ಕಂಪನಿ ಹೈವೇವ್ ಅಂತ ಹೆಸರು ಬದಲಿಸಿಕೊಂಡಿತು, ಹಳೆಯ ಹೆಸರು ಮರೆತೇ ಹೋಯಿತು.

ಆದರೂ 2017ರ ಸೋನಿ ಎ1 ಟಿವಿ ನೋಡಿ. ಪರದೆಯ ಹಿಂದೆ ಆಕ್ಚುಯೇಟರ್ (ಎಕ್ಸೈಟರ್‌ನಂಥದ್ದೇ) ಇಟ್ಟು ಪರದೆಯಿಂದಲೇ ದನಿ ಹೊರಡಿಸಿದರು. ಬೇಸ್‌ಗೆ ಮಾತ್ರ ಸ್ಟ್ಯಾಂಡಿನಲ್ಲಿ ಸಬ್‌ವೂಫರ್ (ಕೆಳಸ್ವರಕ್ಕೇ ಮೀಸಲಾದ ಸ್ಪೀಕರ್) ಇಟ್ಟರು. ನೀವೂ ಅದನ್ನೇ ಮಾಡಿ. ಶೀಟಿನಿಂದ ಬೇಸ್ ಕೇಳಬೇಡಿ.

ಸೋಲ್ಡರ್‌ಕಡ್ಡಿ:
ಬೆರಳಲ್ಲಿ ಎತ್ತಿದ ತಕ್ಷಣ ಗರಗರ ನಿಂತಿತು! ಹಳೆಯ ಸಬ್‌ವೂಫರ್ ಒಂದಿದೆ. ಆದರೆ ನನ್ನ ಆಂಪ್ಲಿಫೈಯರ್‌ನಲ್ಲಿ ಬೇಸ್ ಕತ್ತರಿಸುವ ಸೌಲಭ್ಯ ಇಲ್ಲ. ಏನು ಮಾಡಲಿ ಸರ್?

ತಂತಿಮನೆ:
470 ಮೈಕ್ರೋಫ್ಯಾರಡ್‌ನ ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತಗೊಳ್ಳಿ. ಎರಡರ ಮೈನಸ್ ಕಾಲು ಸೇರಿಸಿ ಟಾಂಕಾ ಹಾಕಿ. 235 ಆಗುತ್ತದೆ. ಅದನ್ನು ಎಕ್ಸೈಟರ್‌ಗೆ ಸೀರೀಸ್‌ನಲ್ಲಿ, ಅಂದರೆ ಒಂದು ತಂತಿಯ ನಡುವೆ ಕೊಡಿ. 4 ಓಮ್‌ಗೆ ಸುಮಾರು 170 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ದನಿ ಇಳಿಯುತ್ತಾ ಹೋಗುತ್ತದೆ. ಕಾಯಿಲ್ ಬಿಸಿಯಾಗುವುದೂ ತಪ್ಪುತ್ತದೆ.

ವಾಲ್ವ್‌ರಾಯ:
ಗೋಡೆಗೆ ಒರಗಿಸಬೇಡಿ. ಶೀಟಿನ ಬೆನ್ನಿನಿಂದಲೂ ಅಷ್ಟೇ ದನಿ ಬರುತ್ತದೆ. ಮೇಲಿನಿಂದ ದಾರದಲ್ಲಿ ತೂಗುಹಾಕಿ, ಗೋಡೆಯಿಂದ ಎರಡು ಮೂರು ಅಡಿ ದೂರ ಇರಲಿ.

ಸೋಲ್ಡರ್‌ಕಡ್ಡಿ:
ಭಾನುವಾರ ಪೂರ್ತಿ ಇದೇ ಕೆಲಸ. ಕತ್ತರಿಸಿ, ಜಾಗ ಬದಲಿಸಿ, ಪಟ್ಟಿ ಕೊಟ್ಟು, ಕಿಟಕಿಯ ಮುಂದೆ ತೂಗುಹಾಕಿದೆ. ಸ್ವರಗಳ ಬೊಬ್ಬೆ ಹೋಗಿದೆ. ವೀಣೆಯ ಗಮಕ ಇಷ್ಟು ಬಿಡಿಯಾಗಿ ನಮ್ಮ ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಬಂದು, ದನಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದರು. ತಾಳದ ಸದ್ದು ಮಾತ್ರ ಸ್ವಲ್ಪ ಮಂಕು.

ವಾಲ್ವ್‌ರಾಯ:
ಶೀಟಿನ ಎರಡೂ ಮೈಯ ನುಣುಪನ್ನು ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜಿ, ನೀರು ಬೆರೆಸಿದ ಫೆವಿಕಾಲ್ ತೆಳುವಾಗಿ ಬಳಿಯಿರಿ. ಒಂದು ದಿನ ಒಣಗಲಿ. ಆಮೇಲೆ ತಾಳ ಹೇಗೆ ಕೇಳಿಸುತ್ತೆ ಅಂತ ಇಲ್ಲೇ ಬರೆಯಿರಿ.