ಕಣ್ಣಿನ ಫಂಗಸ್ ಹುಣ್ಣಿಗೆ ಹೊಸ ಡ್ರಾಪ್ಸ್ ಕೇಳಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಡ್ಯ ಕಡೆ ಹಳ್ಳಿ. ಕಬ್ಬು ಕಡಿಯುವಾಗ ಅಪ್ಪನ ಕಣ್ಣಿಗೆ ಗರಿ ಹೊಡೆಯಿತು. ಆಮೇಲೆ ಕಣ್ಣು ಕೆಂಪಾಗಿ, ಕರಿಗುಡ್ಡೆ ಮೇಲೆ ಬಿಳಿ ಮಚ್ಚೆ ಬಂತು. ಆಸ್ಪತ್ರೆಯಲ್ಲಿ ಹುಣ್ಣು ಕೆರೆದು ಪರೀಕ್ಷೆ ಮಾಡಿ, ಫಂಗಸ್ ಅಂದರು. ನಾಟಾಮೈಸಿನ್ ಡ್ರಾಪ್ಸ್ ಗಂಟೆಗೊಮ್ಮೆ ಹಾಕಿ ಅಂದಿದ್ದಾರೆ. ಅದು ಹಳೇ ಔಷಧಿ, ವೊರಿಕೊನಜೋಲ್ ಬರೆಸ್ಕೊಳ್ಳಿ ಅಂತ ಭಾವ ಹೇಳ್ತಿದ್ದಾರೆ. ಕೆಂಪು ಇಳಿಯೋಕೆ ಬೇರೆ ಡ್ರಾಪ್ಸ್ ಕೊಡ್ತೀನಿ ಅಂತ ಮೆಡಿಕಲ್ ಶಾಪಿನವರೂ ಅಂದರು. ಏನು ಮಾಡಲಿ?

ಉತ್ತರ: ಮೊದಲು ಅಂಗಡಿಯ ಡ್ರಾಪ್ಸ್ ವಿಷಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ದಯವಿಟ್ಟು ಹಾಕಬೇಡಿ.

ಇನ್ನು ನಿಮ್ಮ ಭಾವ ಕೇಳಿದ ಪ್ರಶ್ನೆಯನ್ನೇ ಕಣ್ಣಿನ ಡಾಕ್ಟರುಗಳೂ ಕೇಳಿದ್ದರು. ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಮದುರೈನ ಅರವಿಂದ್ ಕಣ್ಣಾಸ್ಪತ್ರೆ ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕಣ್ಣಿನ ಸಂಶೋಧನಾ ಸಂಸ್ಥೆ ಪ್ರಾಕ್ಟರ್ ಫೌಂಡೇಶನ್ ಸೇರಿ 323 ರೋಗಿಗಳ ಮೇಲೆ ಅಧ್ಯಯನ ಮಾಡಿದರು. ಯಾರಿಗೆ ಯಾವ ಔಷಧಿ ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. 2013ರಲ್ಲಿ ಫಲಿತಾಂಶ ಬಂತು. ಗೆದ್ದಿದ್ದು ಹಳೇ ನಾಟಾಮೈಸಿನ್! ವೊರಿಕೊನಜೋಲ್ ಹಾಕಿದವರಲ್ಲಿ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ತೂತಾಗುವುದು, ತುರ್ತಾಗಿ ಕಸಿ ಮಾಡಬೇಕಾಗುವುದು ಜಾಸ್ತಿ ಇತ್ತು. ನಮ್ಮ ಕಡೆ ಹೆಚ್ಚು ಕಾಣುವ ಫ್ಯುಸೇರಿಯಂ ಫಂಗಸ್‌ನಲ್ಲಂತೂ, ನಾಟಾಮೈಸಿನ್ ಹಾಕಿದವರು ಮೂರು ತಿಂಗಳ ನಂತರ ಅಕ್ಷರದ ಚಾರ್ಟಿನಲ್ಲಿ ಸುಮಾರು ನಾಲ್ಕು ಸಾಲು ಜಾಸ್ತಿ ಓದುತ್ತಿದ್ದರು. ಕಣ್ಣಿನ ಲೆಕ್ಕದಲ್ಲಿ ಇದು ಸಣ್ಣದಲ್ಲ.

ಹಾಗಾಗಿ ಸದ್ಯಕ್ಕೆ ಔಷಧಿ ಬದಲಿಸಿ ಅಂತ ನೀವಾಗಿ ಒತ್ತಾಯ ಮಾಡಬೇಡಿ. ಹಾಕುವ ರೀತಿ ನೋಡಿಕೊಳ್ಳಿ. ನಾಟಾಮೈಸಿನ್ ಹಾಲಿನಂತೆ ಬೆಳ್ಳಗಿರುತ್ತದೆ, ಇಟ್ಟಲ್ಲೇ ಪುಡಿ ತಳಕ್ಕೆ ಕೂರುತ್ತದೆ. ಸೀಸೆಯನ್ನು ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಬೇಕು. ಇಲ್ಲದಿದ್ದರೆ ಕಣ್ಣಿಗೆ ಬೀಳೋದು ಬರೀ ನೀರು. ರೆಪ್ಪೆಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಗಾಬರಿ ಬೇಡ, ಅದು ಔಷಧಿಯೇ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದೂ ಬೇಡ.

ಪ್ರಶ್ನೆ: ಸೀಸೆ ಅಲ್ಲಾಡಿಸಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ವಿಷಯ. ಅಪ್ಪನನ್ನು ಒಂದು ಸಂಶೋಧನೆಗೆ ಸೇರಿಸ್ತೀರಾ ಅಂತ ಆಸ್ಪತ್ರೆಯವರು ಕೇಳಿದ್ದಾರೆ. ಪ್ರಯೋಗದ ಇಲಿ ಮಾಡ್ತಾರೇನೋ ಅಂತ ಅಮ್ಮ ಅಳ್ತಿದ್ದಾರೆ.

ಉತ್ತರ: ಅಮ್ಮನ ಭಯ ಸಹಜ. ಅವರನ್ನೂ ಕರೆದುಕೊಂಡು ಹೋಗಿ ಕೇಳಿಸಿ. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಕನ್ನಡದಲ್ಲೇ ಇರಬೇಕು. ಮನೆಗೆ ತಂದು ಓದಿ, ಅವಸರದಲ್ಲಿ ಸಹಿ ಹಾಕಬೇಡಿ. ಯಾವ ಔಷಧಿಯನ್ನು ಯಾವುದರ ಜೊತೆ ಹೋಲಿಸ್ತಿದ್ದೀರಿ, ರೋಗಿಗಳ ಸುರಕ್ಷತೆ, ಹಕ್ಕು ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ತೊಂದರೆಯಾದರೆ ಖರ್ಚು ಯಾರದ್ದು ಅಂತ ನೇರವಾಗಿ ಕೇಳಿ. ಬೇಡ ಅಂದರೂ, ಸೇರಿದ ಮೇಲೆ ನಡುವೆ ಬಿಟ್ಟರೂ, ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಮದುರೈಯಲ್ಲಿ ಕೂಡ ಅಂದು ರೋಗಿಗಳು ಒಪ್ಪಿದ್ದರಿಂದಲೇ ಇವತ್ತು ನಿಮ್ಮ ಅಪ್ಪನಿಗೆ ಯಾವ ಡ್ರಾಪ್ಸ್ ಅಂತ ಧೈರ್ಯವಾಗಿ ಹೇಳೋಕೆ ಆಗ್ತಿದೆ. ಆದರೂ ತೀರ್ಮಾನ ಅಪ್ಪನದ್ದೇ.

ನಡುವೆ ನೋವು ದಿಢೀರ್ ಹೆಚ್ಚಾದರೆ, ಕಣ್ಣಿಂದ ಬಿಸಿನೀರು ಸುರಿದಂತಾದರೆ ಬೆಳಗಿನ ತನಕ ಕಾಯಬೇಡಿ. ಕಣ್ಣು ಒತ್ತದೆ, ಉಜ್ಜದೆ ಆಗಲೇ ಆಸ್ಪತ್ರೆಗೆ ಹೊರಡಿ.